ಕೊಯ್ಯುವವರಿಲ್ಲದ ಪಾಚಿ

ಲೋಣಾವಳಾ ಸಮುದ್ರಮಟ್ಟದಿಂದ ಸುಮಾರು 620 ಮೀಟರ್ ಎತ್ತರದಲ್ಲಿದೆ. ಕಡಲಿಗೂ ಆ ಊರಿಗೂ ಇರುವ ನಂಟು ವಿಚಿತ್ರವಾದದ್ದು. ನೌಕಾಪಡೆಯ ಎಂಜಿನಿಯರಿಂಗ್ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿ 1945ರಿಂದ ಈ ಗುಡ್ಡದ ಮೇಲೆಯೇ ಇದೆ. ಊರ ಸುತ್ತಲ ಕೆರೆಗಳ ನೀರು ಒಂದು ಶತಮಾನದಿಂದ ಘಟ್ಟ ಇಳಿದು, ಖೊಪೋಲಿಯಲ್ಲಿ ಮುಂಬೈಗೆ ವಿದ್ಯುತ್ತು ಮಾಡಿಕೊಟ್ಟು ಪಶ್ಚಿಮಕ್ಕೆ ಹೋಗುತ್ತಿದೆ. ಹೀಗೆ ಇಲ್ಲಿಂದ ಕಡಲಿನ ಕಡೆಗೆ ಹೋಗುವುದು ಬಹಳ. ಕಡಲನ್ನೇ ಗುಡ್ಡ ಹತ್ತಿಸಿ ತರುವ ಆಸೆ ಮಾತ್ರ ಹೊಸದು. ಮುಂಬೈ, ಪುಣೆಗಳ ಉಳ್ಳವರು ಇಲ್ಲಿ ವಾರಾಂತ್ಯದ ಬಂಗಲೆ ಕಟ್ಟಿಕೊಂಡಿದ್ದಾರೆ. ಅಂಥ ಬಂಗಲೆಯ ಹಜಾರಕ್ಕೆ ಉಪ್ಪುನೀರಿನ ಅಕ್ವೇರಿಯಂ ಇಡಬೇಕೆಂದು ಹೊರಟವರಿಗೆ ಇವತ್ತು ಸಿಗುವ ಸಲಹೆ ಒಂದೇ: ಕೆಳಗೆ ಒಂದು ರೆಫ್ಯೂಜಿಯಂ ಇಡಿ, ಒಂದು ಹಿಡಿ ಪಾಚಿ ಹಾಕಿ, ಮೇಲೊಂದು ದೀಪ ಬಿಡಿ, ನೈಟ್ರೇಟ್‌ನ ಚಿಂತೆ ಮರೆತುಬಿಡಿ.

ಆ ಕೊನೆಯ ಎರಡು ಪದಗಳೇ ಸುಳ್ಳು. ರೆಫ್ಯೂಜಿಯಂ ಒಳ್ಳೆಯ ಏರ್ಪಾಡು, ಅದರಲ್ಲಿ ತಕರಾರಿಲ್ಲ. ಆದರೆ ಅದು ಇಟ್ಟು ಮರೆಯುವ ಯಂತ್ರವಲ್ಲ, ವಾರವಾರ ಮಾಡಬೇಕಾದ ಒಂದು ಕೆಲಸ. ಕೆಲಸ ಅಂದಮೇಲೆ ಅದನ್ನು ಮಾಡುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಯಂತ್ರ ಅಂದುಬಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ. ಮಾರುವವರಿಗೂ ಕೊಳ್ಳುವವರಿಗೂ ಅದು ಅನುಕೂಲ. ಅನನುಕೂಲವಾಗುವುದು ಮೀನಿಗೆ.

ನೈಟ್ರೇಟ್ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ರಹಸ್ಯವೇನೂ ಇಲ್ಲ. ಮೀನಿಗೆ ಹಾಕುವ ಆಹಾರದಲ್ಲಿ ಪ್ರೋಟೀನ್ ಇದೆ, ಪ್ರೋಟೀನ್‌ನಲ್ಲಿ ಸಾರಜನಕ ಇದೆ. ಮೀನು ತಿಂದು, ಮೈಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಬಹುಪಾಲು ಕಿವಿರಿನ ಮೂಲಕ ಅಮೋನಿಯವಾಗಿ ನೀರಿಗೆ ಬಿಡುತ್ತದೆ. ಕಲ್ಲು, ಮರಳುಗಳ ಮೇಲಿನ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲನೆಯದು ಬೇಗ ಕೊಲ್ಲುವ ವಿಷ. ಮೂರನೆಯದು ಹಾಗಲ್ಲ, ಅದು ಸುಮ್ಮನೆ ಶೇಖರವಾಗುತ್ತ ಹೋಗುತ್ತದೆ. ಹವಳದ ದಿಬ್ಬಗಳ ಸುತ್ತ ಲೀಟರಿಗೆ 1 ಮಿಲಿಗ್ರಾಂ ಕೂಡ ಇಲ್ಲದ ನೈಟ್ರೇಟ್ ಮನೆಯ ತೊಟ್ಟಿಯಲ್ಲಿ 40, 50 ಆಗುವುದು ಮಾಮೂಲು. ಗಟ್ಟಿ ಮೀನುಗಳು ತಡೆದುಕೊಳ್ಳುತ್ತವೆ. ಬೆನ್ನೆಲುಬಿಲ್ಲದ ಮೆದು ಜೀವಿಗಳು ಸೊರಗುತ್ತವೆ, ಗಾಜಿನ ಮೇಲೆ ಕಂದು ಲೋಳೆ ಹತ್ತುತ್ತದೆ. ಸಮುದ್ರದಲ್ಲಾದರೆ ಅಲೆ, ಆಳ, ಆಮ್ಲಜನಕವಿಲ್ಲದ ಕೆಸರು ಎಲ್ಲವೂ ಸೇರಿ ಇದನ್ನು ಎಲ್ಲೆಲ್ಲಿಗೋ ಹಂಚಿ ಕರಗಿಸುತ್ತವೆ. ತೊಟ್ಟಿಗೆ ಮುಂಬಾಗಿಲು ಇದೆ, ಹಿತ್ತಿಲ ಬಾಗಿಲು ಇಲ್ಲ.

ಆ ಹಿತ್ತಿಲ ಬಾಗಿಲನ್ನು ತೆರೆಯುವ ಪ್ರಯತ್ನವೇ ರೆಫ್ಯೂಜಿಯಂ. ಮುಖ್ಯ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ ಇರುತ್ತದೆ. ಅಕ್ವೇರಿಯಂನವರು ಅದನ್ನು ಸಂಪ್ ಎನ್ನುತ್ತಾರೆ. ಬೆಂಗಳೂರಿನವರು ಇದನ್ನು ಕೇಳಿ ಅಂಗಳ ಅಗೆಯಲು ಹೋಗಬಾರದು, ಇದು ಗಾಜಿನ ಪೆಟ್ಟಿಗೆ ಅಷ್ಟೆ. ಮೇಲಿನ ನೀರು ಅಲ್ಲಿಗೆ ಇಳಿದು ಪಂಪಿನಿಂದ ಮತ್ತೆ ಮೇಲೇರುತ್ತದೆ. ಆ ಪೆಟ್ಟಿಗೆಯ ಒಂದು ಅಂಕಣದಲ್ಲಿ ಕಡಲಪಾಚಿ ಬೆಳೆಸಿದರೆ ಅದೇ ರೆಫ್ಯೂಜಿಯಂ. ಹೆಸರಿನ ಅರ್ಥ ಆಶ್ರಯ. ಮೀನಿನ ಬಾಯಿಗೆ ಸಿಗದೆ ಸಣ್ಣ ಕಠಿಣಚರ್ಮಿಗಳು ಬದುಕಿ, ಮರಿ ಹಾಕಿ, ಆಗಾಗ ಮೇಲಿನ ತೊಟ್ಟಿಗೆ ಆಹಾರವಾಗಿ ಹೋಗಲಿ ಎಂಬ ಉದ್ದೇಶ ಆ ಹೆಸರಿನಲ್ಲೇ ಇದೆ. ನೈಟ್ರೇಟ್ ಹೀರುವ ಕೆಲಸ ಈಗ ಅದನ್ನು ಹಿಂದೆ ತಳ್ಳಿದೆ. ಬೆಳೆಸುವ ಪಾಚಿ ಸಾಮಾನ್ಯವಾಗಿ ಕೀಟೊಮಾರ್ಫಾ. ಪಾತ್ರೆ ತಿಕ್ಕುವ ಹಸಿರು ನಾರಿನ ಉಂಡೆಯಂತೆ ಕಾಣುತ್ತದೆ. ಹವ್ಯಾಸಿಗಳ ಬಾಯಲ್ಲಿ ಅದು ಕೀಟೋ. ತೂಕ ಇಳಿಸುವವರ ಕೀಟೋಗೂ ಇದಕ್ಕೂ ಸಂಬಂಧವಿಲ್ಲ, ಇದರ ತೂಕ ಏರಿದಷ್ಟೂ ಲಾಭ.

ಎಷ್ಟು ಏರಬೇಕು? ಸಲಹೆ ಕೊಡುವವರು ಇಲ್ಲಿಗೆ ಬಂದಾಗ ಮಾತು ಬದಲಿಸುತ್ತಾರೆ. ಲೆಕ್ಕ ಮಾತ್ರ ಶಾಲೆಯ ಹುಡುಗರು ಮಾಡುವಂಥದ್ದು. ಸಂಪ್ ಸೇರಿ 300 ಲೀಟರ್ ನೀರು, ಆರೇಳು ಸಣ್ಣ ಮೀನು, ದಿನಕ್ಕೆ 2 ಗ್ರಾಂ ಒಣ ಆಹಾರ ಎಂದಿಟ್ಟುಕೊಳ್ಳೋಣ. ವಾರಕ್ಕೆ 14 ಗ್ರಾಂ. ಅರ್ಧದಷ್ಟು ಪ್ರೋಟೀನ್ ಇರುವ ಆಹಾರದಲ್ಲಿ ಸಾರಜನಕ ನೂರಕ್ಕೆ ಏಳೆಂಟು ಪಾಲು, ಅಂದರೆ ವಾರಕ್ಕೆ ಹತ್ತಿರ ಹತ್ತಿರ 1 ಗ್ರಾಂ. ಕಾಲುಭಾಗವನ್ನು ಮೀನು ಮೈಯಲ್ಲಿಟ್ಟುಕೊಂಡಿತು ಅನ್ನೋಣ. ಉಳಿದ ಮುಕ್ಕಾಲು ಗ್ರಾಂ ಸಾರಜನಕ ನೈಟ್ರೇಟ್ ಆದಾಗ 3.3 ಗ್ರಾಂ ತೂಗುತ್ತದೆ. 300 ಲೀಟರಿನಲ್ಲಿ ಅದು ಲೀಟರಿಗೆ 11 ಮಿಲಿಗ್ರಾಂ. ಪ್ರತಿ ವಾರ, ತಪ್ಪದೆ, 11.

ಇನ್ನು ಪಾಚಿಯ ಕಡೆಯ ಲೆಕ್ಕ. ಹಿಂಡಿದ ಹಸಿ ಪಾಚಿಯಲ್ಲಿ ಒಣ ಅಂಶ ಹತ್ತನೇ ಒಂದು ಪಾಲು ಇದ್ದರೆ, ಅದರಲ್ಲಿ ಸಾರಜನಕ ನೂರಕ್ಕೆ 3 ಇದ್ದರೆ, ಒಂದು ಕಿಲೋ ಹಸಿ ಪಾಚಿ ಹಿಡಿದಿಡುವ ಸಾರಜನಕ 3 ಗ್ರಾಂ. ಹಾಗಾದರೆ ವಾರದ ಮುಕ್ಕಾಲು ಗ್ರಾಂ ಹೊರಹೋಗಲು ವಾರಕ್ಕೆ ಕಾಲು ಕಿಲೋ ಹಸಿ ಪಾಚಿ ಬೆಳೆಯಬೇಕು. ಬೆಳೆದ ಕಾಲು ಕಿಲೋವನ್ನು ಕಿತ್ತು ತೊಟ್ಟಿಯಿಂದ ಹೊರಗೆ ತೆಗೆಯಬೇಕು. ತೊಟ್ಟಿಯಲ್ಲಿ ಆಗಲೇ 40 ಸೇರಿಕೊಂಡಿದ್ದರೆ ಆ ಹಳೆ ಬಾಕಿಗೆ ಇನ್ನೊಂದು 900 ಗ್ರಾಂ. ಬೆಳಕು, ಹರಿವು, ಪಾಚಿಯ ಆರೋಗ್ಯ ನೋಡಿಕೊಂಡು ಈ ಅಂಕಿಗಳು ಒಂದಿಷ್ಟು ಆಚೀಚೆ ಆಗುತ್ತವೆ, ಅರ್ಧವೋ ದುಪ್ಪಟ್ಟೋ ಆದಾವು. ಆದರೆ "ಒಂದು ಹಿಡಿ" ಎಂಬ ಅಳತೆಗೆ ಅವು ಎಂದೂ ಇಳಿಯುವುದಿಲ್ಲ.

ಈಗ ಗಾಜಿನ ಹಿಂಬದಿಗೆ ನೇತುಹಾಕುವ ನಾಲ್ಕೈದು ಲೀಟರಿನ ಡಬ್ಬವನ್ನು ನೋಡಿ. ವಾರಕ್ಕೆ ಕಾಲು ಕಿಲೋ ಇಳುವರಿ ಬರಬೇಕಾದರೆ ಅಷ್ಟೇ ತೂಕದ ಪಾಚಿ ಮೊದಲೇ ಅಲ್ಲಿರಬೇಕು, ವಾರದಲ್ಲಿ ಅದು ಇಮ್ಮಡಿಯಾಗಬೇಕು. ಆ ಡಬ್ಬದಲ್ಲಿ ಅರ್ಧ ಕಿಲೋ ಪಾಚಿ ತುಂಬಿದರೆ ಹೊರಗಿನ ಪದರಕ್ಕೆ ಬೆಳಕು, ಒಳಗಿನದಕ್ಕೆ ಕತ್ತಲೆ. ಒಳಗಿನದು ಕೊಳೆಯುತ್ತದೆ, ಹೊರಗಿನದು ಹೀರಿದ್ದನ್ನು ಒಳಗಿನದು ವಾಪಸು ಕೊಡುತ್ತದೆ. ಇಂಥ ತೊಟ್ಟಿಗೆ 30 ಲೀಟರಿಗೆ ಕಡಿಮೆಯಿಲ್ಲದ ಜಾಗ, ಗಿಡ ಬೆಳೆಸುವಷ್ಟು ಬಲವಾದ ದೀಪ, ಉಂಡೆಯನ್ನು ಮೆಲ್ಲಗೆ ಉರುಳಿಸುವ ಹರಿವು ಬೇಕು. ದೀಪವನ್ನು ರಾತ್ರಿ ಹಚ್ಚುವುದು ಜಾಣತನ. ಮೇಲಿನ ತೊಟ್ಟಿ ಕತ್ತಲಲ್ಲಿರುವಾಗ ಕೆಳಗಿನ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿದರೆ ನೀರಿನ ಪಿಎಚ್ ಬೆಳಗಿನ ಜಾವಕ್ಕೆ ಅಷ್ಟಾಗಿ ಕುಸಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಮಾರುವವರು ಹೇಳುವುದೇ ಇಲ್ಲ. ಪಾಚಿ ನೈಟ್ರೇಟನ್ನು ಮಾತ್ರ ತಿಂದು ಬದುಕುವುದಿಲ್ಲ. ಅದಕ್ಕೆ ರಂಜಕವೂ ಬೇಕು, ಕಬ್ಬಿಣವೂ ಬೇಕು. ಕಡಲಪಾಚಿಗಳಲ್ಲಿ ರಂಜಕದ ಒಂದು ಪರಮಾಣುವಿಗೆ ಸಾರಜನಕದ ಸುಮಾರು 30 ಪರಮಾಣುಗಳಿರುತ್ತವೆ. ರಂಜಕ ಮುಗಿದರೆ ನೈಟ್ರೇಟ್ ಎಷ್ಟೇ ಇರಲಿ, ಪಾಚಿಯ ಬೆಳವಣಿಗೆ ನಿಲ್ಲುತ್ತದೆ. ಹೀಗಿರುವಾಗ ಒಂದೇ ಅಂಗಡಿ ಒಂದೇ ಬಿಲ್ಲಿನಲ್ಲಿ ರೆಫ್ಯೂಜಿಯಂ ದೀಪವನ್ನೂ ಫಾಸ್ಫೇಟ್ ಹೀರುವ ಹರಳುಗಳನ್ನೂ ಮಾರುತ್ತದೆ. ಒಂದು ಪಾಚಿಯನ್ನು ಬೆಳೆಸಲು, ಇನ್ನೊಂದು ಅದನ್ನು ಉಪವಾಸ ಕೆಡವಲು. ಪಾಚಿ ಬೆಳ್ಳಗಾದಾಗ ಮೂರನೆಯ ಬಾಟಲಿ ಬರುತ್ತದೆ.

ಪಾಚಿಯಿಂದ ನೀರು ಶುದ್ಧಿ ಮಾಡುವ ವಿಚಾರವನ್ನು ಗಂಭೀರವಾಗಿ ಕಟ್ಟಿದವರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಮುಖ್ಯರು. 1980ರ ಸುಮಾರಿಗೆ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿ ಅವರು ಹವಳದ ದಿಬ್ಬದ ಜೀವಂತ ಮಾದರಿಯೊಂದನ್ನು ನಿಲ್ಲಿಸಿದರು. ಅದರ ನೀರನ್ನು ಕಾಯುತ್ತಿದ್ದದ್ದು ಜಾಲರಿಗಳ ಮೇಲೆ ಬೆಳೆದ ಪಾಚಿಯ ಹಾಸು. ಅವರ ಏರ್ಪಾಡಿನಲ್ಲಿ ದೀಪ, ಅಲೆ, ಜಾಲರಿ ಎಷ್ಟು ಮುಖ್ಯವೋ, ಆಗಾಗ ಜಾಲರಿ ತೆಗೆದು ಪಾಚಿಯನ್ನು ಕೆರೆದು ಹಾಕುವುದೂ ಅಷ್ಟೇ ಮುಖ್ಯ. ಕೆರೆಯುವುದು ಅಲ್ಲಿ ನಿರ್ವಹಣೆಯ ಅಡಿಟಿಪ್ಪಣಿಯಲ್ಲ, ಅದೇ ವಿಧಾನ. ವ್ಯಾಪಾರಕ್ಕೆ ಬರುವ ಹೊತ್ತಿಗೆ ದೀಪ ಉಳಿಯಿತು, ಕೆರೆಯುವ ಕೈ ಕಳಚಿಬಿತ್ತು.

ಕನ್ನಡದ ಓದುಗರಿಗೆ ಇದರ ದೊಡ್ಡ ರೂಪ ಗೊತ್ತೇ ಇದೆ. ಬೆಂಗಳೂರಿನ ಜಕ್ಕೂರು ಕೆರೆಗೆ ಹೋಗುವ ಸಂಸ್ಕರಿಸಿದ ಕೊಳಚೆನೀರು ಮೊದಲು ಗಿಡಗಂಟಿಗಳ ಜೌಗನ್ನು ದಾಟುತ್ತದೆ. ಆ ಜೌಗು ಸಾರಜನಕ, ರಂಜಕಗಳನ್ನು ಹೀರಿ ಕೆರೆಯನ್ನು ಕಾಯುತ್ತದೆ, ಬೇರೆ ಕೆರೆಗಳಿಗೂ ಇದು ಮಾದರಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ತೋರಿಸಿದೆ. ಅದರ ಜೊತೆಗೇ ಅವರು ಹೇಳುತ್ತ ಬಂದ ಇನ್ನೊಂದು ಮಾತಿದೆ: ಬೆಳೆದ ಗಿಡಗಳನ್ನು ಕಾಲಕಾಲಕ್ಕೆ ಕೊಯ್ದು ತೆಗೆಯಬೇಕು. ಮೊದಲ ಮಾತು ಫಲಕದ ಮೇಲೆ ಹತ್ತುತ್ತದೆ, ಎರಡನೆಯದಕ್ಕೆ ಟೆಂಡರು ಕರೆಯುವ ಹೊತ್ತಿಗೆ ಮಳೆಗಾಲ ಬಂದಿರುತ್ತದೆ. ಕೊಯ್ಯದೆ ಬಿಟ್ಟ ಗಿಡ ಸತ್ತು ಮುಳುಗಿ, ತಾನು ಹೀರಿದ್ದನ್ನೆಲ್ಲ ಅದೇ ನೀರಿಗೆ ಒಪ್ಪಿಸುತ್ತದೆ. ಬೆಳ್ಳಂದೂರಿನ ಜೊಂಡು ವರ್ಷವರ್ಷ ಹೀರಿತು, ವರ್ಷವರ್ಷ ಕೊಳೆಯಿತು. ಲೋಣಾವಳಾದ ಬಳಿ ಹುಟ್ಟುವ ಇಂದ್ರಾಯಣಿಯದೂ ಬೇರೆ ಕಥೆಯಲ್ಲ. ದೇಹೂ, ಆಳಂದಿಗಳನ್ನು ಮುಟ್ಟುವ ಹೊತ್ತಿಗೆ ಅದರ ಮೇಲೆ ಜಲಕಳೆ, ನೊರೆ. ಆ ನದಿ ಭೀಮೆಗೆ ಸೇರಿ ಉಜನಿ ದಾಟಿ ನಮ್ಮ ಗಾಣಗಾಪುರದ ಪಕ್ಕದಲ್ಲೇ ಹರಿಯುತ್ತದೆ. ಬಂಗಲೆಯ ಒಂದು ತೊಟ್ಟಿಯಿಂದ ಭೀಮೆ ಕೆಡುವುದಿಲ್ಲ, ಅಷ್ಟು ದೊಡ್ಡ ಆರೋಪ ಹೊರಿಸುವುದು ಬೇಡ. ಆದರೆ ಕೆರೆಯಲ್ಲಾಗಲಿ ಗಾಜಿನ ಪೆಟ್ಟಿಗೆಯಲ್ಲಾಗಲಿ, ಗಿಡ ನೆಟ್ಟರೆ ಸಾಕು ಎಂಬ ಸೋಮಾರಿತನ ಒಂದೇ.

ಪಾಚಿಯ ಆಯ್ಕೆಯಲ್ಲೂ ಎಚ್ಚರ ಬೇಕು. ಕೀಟೊಮಾರ್ಫಾಗಿಂತ ಚೆಂದ ಕಾಣುವ ಕಾಲರ್ಪಾ ಎಂಬ ಪಾಚಿಯನ್ನೂ ರೆಫ್ಯೂಜಿಯಂಗೆ ಮಾರುತ್ತಾರೆ. ಅದಕ್ಕೊಂದು ಗುಣವಿದೆ: ಸಂತಾನೋತ್ಪತ್ತಿಗೆ ತಿರುಗಿದರೆ ಒಂದೇ ರಾತ್ರಿಯಲ್ಲಿ ಒಡಲಿನ ಸಾರವನ್ನೆಲ್ಲ ನೀರಿಗೆ ಸುರಿದು ಬಿಳಿಚಿಕೊಳ್ಳುತ್ತದೆ. ಬೆಳಗ್ಗೆ ತೊಟ್ಟಿ ಹಾಲಿನಂತಾಗಿರುತ್ತದೆ, ಆಮ್ಲಜನಕ ಕುಸಿದಿರುತ್ತದೆ. ಹೊರಗೆ ಬಿದ್ದರೆ ಇನ್ನೂ ಕೆಟ್ಟದ್ದು. 1984ರಲ್ಲಿ ಮೊನಾಕೊ ಬಳಿ ಕಂಡ ಒಂದು ಸಣ್ಣ ಮಡಿ ಕಾಲರ್ಪಾ ಮುಂದೆ ಮೆಡಿಟರೇನಿಯನ್ ತೀರವನ್ನು ಹಾಸಿಕೊಂಡಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಒಂದು ಹಿನ್ನೀರಿಗೆ ಅದು ಹೊಕ್ಕಾಗ ಟಾರ್ಪಾಲು ಹೊದಿಸಿ ಕ್ಲೋರಿನ್ ಹಾಕಿ ಕೊಲ್ಲಲು ಆರು ವರ್ಷ ಹಿಡಿಯಿತು. ನಮ್ಮಲ್ಲೇ, ಮನ್ನಾರ್ ಕೊಲ್ಲಿಯಲ್ಲಿ, ಬೇಸಾಯಕ್ಕೆಂದು ತಂದ ಕಪ್ಪಾಫೈಕಸ್ ಪಾಚಿ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿದ್ದನ್ನು 2008ರಲ್ಲಿ ಸಂಶೋಧಕರು ವರದಿ ಮಾಡಿದರು. ಲೋಣಾವಳಾದ ಸಿಹಿನೀರಿನ ತೊರೆಗೆ ಎಸೆದ ಕಡಲಪಾಚಿ ಸಾಯುತ್ತದೆ, ನಿಜ. ಆದರೆ ಈ ಶನಿವಾರ ಲೋಣಾವಳಾಕ್ಕೆ ಬಂದ ಕಾರು ಮುಂದಿನ ಶನಿವಾರ ಅಲಿಬಾಗಿಗೆ ಹೋಗುತ್ತದೆ. "ಪಾಪ, ಕಡಲಿಗೇ ಬಿಟ್ಟುಬಿಡೋಣ" ಎನ್ನುವ ಕರುಣಾಳುಗಳು ಆ ಕಾರಿನಲ್ಲೂ ಇರುತ್ತಾರೆ.

ಇಷ್ಟು ತಾಪತ್ರಯ ಇದ್ದರೆ ರೆಫ್ಯೂಜಿಯಂ ಬಿಟ್ಟು ನೀರು ಬದಲಿಸಿದರಾಗದೆ ಎಂದು ಕೇಳುವವರಿದ್ದಾರೆ. ಅವರಿಗೂ ಲೆಕ್ಕವೇ ಉತ್ತರ. ಅದೇ 300 ಲೀಟರಿನಲ್ಲಿ ವಾರಕ್ಕೆ ಐದನೇ ಒಂದು ಭಾಗ ನೀರು ಬದಲಿಸಿದರೆ, ವಾರಕ್ಕೆ 11ರಂತೆ ಸೇರುವ ನೈಟ್ರೇಟ್ ಏರುತ್ತ ಏರುತ್ತ ಕೊನೆಗೆ 55ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕೆ ವಾರಕ್ಕೆ 60 ಲೀಟರ್ ಹೊಸ ನೀರು, ಎರಡು ಕಿಲೋಗೂ ಹೆಚ್ಚು ಉಪ್ಪು. ಹಳೆಯ 60 ಲೀಟರನ್ನು ತೋಟಕ್ಕೆ ಸುರಿದರೆ ತೋಟ ಒಣಗುತ್ತದೆ. ರೆಫ್ಯೂಜಿಯಂ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ವಾದವಿಲ್ಲ. ಆದರೆ ಅದೇ ಲೆಕ್ಕದಲ್ಲಿ ಆಹಾರವನ್ನು ದಿನಕ್ಕೆ 2 ಗ್ರಾಮಿನಿಂದ 1 ಗ್ರಾಮಿಗೆ ಇಳಿಸಿ ನೋಡಿ: 55 ಇದ್ದದ್ದು ಅರ್ಧವಾಗುತ್ತದೆ. ಮೀನುಗಳ ಸಂಖ್ಯೆಯನ್ನೂ ಹಾಗೆಯೇ ಇಳಿಸಬೇಕು, ಹಸಿವಿನಿಂದ ಸಾಯಿಸುವ ಮಾತಲ್ಲ ಇದು. ಕಡಿಮೆ ಮೀನು, ಕಡಿಮೆ ಆಹಾರ ಎಂಬ ಈ ಸಾಧನಕ್ಕೆ ದೀಪವೂ ಬೇಡ, ಬಿಲ್ಲೂ ಇಲ್ಲ. ಆದ್ದರಿಂದಲೇ ಅದನ್ನು ಯಾರೂ ಮಾರುವುದಿಲ್ಲ.

ತಂತ್ರಜ್ಞಾನದವರ ಉತ್ತರ ಬೇರೆ. ಆವಿಯಾದ ನೀರು ತಾನೇ ತುಂಬಿಕೊಳ್ಳುತ್ತದೆ, ಆಹಾರ ತಾನೇ ಉದುರುತ್ತದೆ, ಮೊಬೈಲಿನಲ್ಲಿ ತೊಟ್ಟಿ ಕಾಣುತ್ತದೆ, ಇನ್ನು ಮನುಷ್ಯರೇಕೆ? ಕ್ಯಾಮೆರಾಗೆ ಹಸಿರು ಕಾಣುತ್ತದೆ, ತೂಕ ಕಾಣುವುದಿಲ್ಲ. ಒಳಗೆ ಕೊಳೆಯುತ್ತಿರುವ ಉಂಡೆಯೂ ಮೇಲಿಂದ ಹಸಿರೇ. ಅಲ್ಲದೆ ಲೋಣಾವಳಾದಲ್ಲಿ ಮಳೆ ವರ್ಷಕ್ಕೆ 4,000 ಮಿಲಿಮೀಟರ್ ದಾಟುತ್ತದೆ. ಅಂಥ ಮಳೆಯಲ್ಲಿ ಮರ ಬಿದ್ದು ತಂತಿ ಹರಿದರೆ ಮೊಬೈಲು ಏನನ್ನೂ ತೋರಿಸುವುದಿಲ್ಲ. ಪಂಪು ನಿಂತು ದೀಪ ಆರಿದ ಮೇಲೆ ಪಾಚಿ ಆಮ್ಲಜನಕ ಕೊಡುವುದಿಲ್ಲ, ತಾನೂ ಮೀನಿನಂತೆ ಅದನ್ನು ಉಸಿರಾಡಿ ಮುಗಿಸುತ್ತದೆ. ರೆಫ್ಯೂಜಿಯಂಗೆ ದೀಪ ಕೊಳ್ಳುವ ಮೊದಲು ಬ್ಯಾಟರಿಯ ಏರ್ ಪಂಪ್ ಕೊಳ್ಳಬೇಕು. ಅದನ್ನು ಹಚ್ಚುವವರೊಬ್ಬರು ಮನೆಯಲ್ಲಿರಬೇಕು.

ಒಬ್ಬರು ಇದ್ದೇ ಇರುತ್ತಾರೆ. ವಾರಾಂತ್ಯದ ಬಂಗಲೆಯಲ್ಲಿ ವಾರಪೂರ್ತಿ ಇರುವವರು ಕಾವಲಿನವರು, ತೋಟದವರು, ಹಿಂದಿನ ಕೋಣೆಯಲ್ಲಿ ಸಂಸಾರ ಹೂಡಿದವರು. ಪುಣೆ ಜಿಲ್ಲೆಯ ಇಂಥ ದುಡಿಮೆಗೆ ಕಲಬುರಗಿ, ವಿಜಯಪುರದ ಕಡೆಯಿಂದ ಹೋದವರೂ ಕಡಿಮೆಯಿಲ್ಲ. ರೆಫ್ಯೂಜಿಯಂ ಬಗ್ಗೆ ಎಷ್ಟು ಸಲಹೆ ಓದಿದರೂ ಇವರ ಸುಳಿವಿಲ್ಲ. ಅಲ್ಲಿ ಇರುವುದು "ನೀವು", ಅಂದರೆ ಮಾಲೀಕರು, ಅಂದರೆ ಸೋಮವಾರ ಬೆಳಗ್ಗೆ ಎಕ್ಸ್‌ಪ್ರೆಸ್‌ವೇ ಹತ್ತಿ ಹೋಗುವವರು. ವಾರದ ನಡುವೆ ಫೋನು ಬರುವುದು ಒಂದೇ ವಿಷಯಕ್ಕೆ: ಮೀನಿಗೆ ಊಟ ಹಾಕಿದ್ರಾ? ಹಾಕಿದ್ದೇವೆ ಎಂಬ ಉತ್ತರ ಕೊಡಲೇಬೇಕಾದವರು ಒಂದು ಚಿಟಿಕೆ ಹೆಚ್ಚೇ ಹಾಕುತ್ತಾರೆ, ಮೀನು ಸತ್ತರೆ ಉಪವಾಸ ಕೆಡವಿದರೆಂಬ ಮಾತು ಬರಬಾರದಲ್ಲ. ಒಳಗೆ ಹಾಕುವುದಕ್ಕೆ ಒಬ್ಬ ಮನುಷ್ಯ, ಹೊರಗೆ ತೆಗೆಯುವುದಕ್ಕೆ ಒಂದು ಡಬ್ಬ. ನೈಟ್ರೇಟ್ ಏರಿದಾಗ ಬೈಗುಳ ಮಾತ್ರ ಮನುಷ್ಯನಿಗೇ. ಪಾಚಿ ಕೊಯ್ಯಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಹೇಳಿದ್ದರೂ ಅದು ಸಂಬಳದ ಕೆಲಸವೆಂದು ಯಾರೂ ಎಣಿಸಿರುವುದಿಲ್ಲ. ದೀಪಕ್ಕೆ ಸಾವಿರಾರು ರೂಪಾಯಿ ಕೊಟ್ಟವರು ವಾರಕ್ಕೆ ಅರ್ಧ ಗಂಟೆಯ ದುಡಿಮೆಗೆ ಕೂಲಿ ಕಟ್ಟಿಕೊಡಲು ಮೀನಮೇಷ ಎಣಿಸುತ್ತಾರೆ. ಮೇವು ಕೊಯ್ದು ಗೊತ್ತಿರುವ ಕೈಗೆ ಈ ಕೆಲಸ ಕಲಿಸಲು ಒಂದು ಮಧ್ಯಾಹ್ನ ಸಾಕು.

ಆ ಕೂಲಿ ಕೊಡಲಾಗದವರು, ಆ ಮಧ್ಯಾಹ್ನ ಕೂರಲಾಗದವರು ಗುಡ್ಡದ ಮೇಲೆ ಕಡಲು ಇಡಬಾರದು. ಇದು ಸೌಂದರ್ಯದ ತಕರಾರಲ್ಲ. ಉಪ್ಪುನೀರಿನ ಅಲಂಕಾರ ಮೀನುಗಳಲ್ಲಿ ಬಹುಪಾಲು ಇಂದಿಗೂ ದಿಬ್ಬಗಳಿಂದ ಹಿಡಿದು ತಂದವು. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನು ಮೊಟ್ಟೆಯಿಂದಲೇ ಬೆಳೆಸುವ ದಾರಿ ಮಾಡಿಕೊಟ್ಟಿದ್ದಾರೆ. ಕೊಳ್ಳುವವರು ಅಂಥದ್ದನ್ನೇ ಕೇಳಿ ಕೊಳ್ಳಬಹುದು. ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲ ಮೀನು ಅದು. ಹವಳಗಳಂತೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕಡಲಿನಿಂದ ಕಿತ್ತ ಹವಳದ ಬಂಡೆ ತಂದು, ಅದರೊಳಗಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ಅನಿಲ ಮಾಡಿ ಕಳಿಸುತ್ತವೆ ಎಂದು ಹೇಳುವ ಅಡ್ಡದಾರಿ ಈ ದೇಶದಲ್ಲಿ ಅಪರಾಧ.

ಉಳಿದವರು ಕಾವಲಿನವರ ಕೈಗೆ ಕೊಡಬೇಕಾದ ಸಾಮಾನು ಹೆಚ್ಚಿಲ್ಲ. 1 ಗ್ರಾಂ ಹಿಡಿಯುವ ಅಳತೆಯ ಚಮಚ, ಒಂದು ಜರಡಿ, ಅಡುಗೆಮನೆಯ ತಕ್ಕಡಿ, ನೈಟ್ರೇಟ್ ಪರೀಕ್ಷೆಯ ಕಿಟ್, ಒಂದು ನೋಟ್‌ಬುಕ್ಕು. ಕಿಟ್ ಕೊಳ್ಳುವಾಗ ಅದು ನೈಟ್ರೇಟನ್ನು ತೋರಿಸುತ್ತದೋ ನೈಟ್ರೇಟ್‌ನಲ್ಲಿರುವ ಸಾರಜನಕವನ್ನಷ್ಟೇ ತೋರಿಸುತ್ತದೋ ನೋಡಿಕೊಳ್ಳಬೇಕು, ಎರಡಕ್ಕೂ ನಡುವೆ 4.4 ಪಟ್ಟು ಅಂತರವಿದೆ. ಸೊನ್ನೆಗೆ ಇಳಿಸುವ ಹಟ ಬೇಡ, ಪೂರ್ತಿ ಬರಿದಾದ ನೀರಿನಲ್ಲಿ ಮೊದಲು ಸೊರಗುವುದು ಆ ಪಾಚಿಯೇ. ಬುಧವಾರ ಉಂಡೆಯನ್ನು ಎತ್ತಿ, ನೀರು ಬಸಿದು, ಹಿಂಡಿ, ತೂಗಿ, ಅರ್ಧವನ್ನು ಸಡಿಲ ಬಿಡಿಸಿ ವಾಪಸು ಹಾಕಬೇಕು. ತೆಗೆದ ಅರ್ಧವನ್ನು ಬಕೆಟ್ಟಿನ ಸಿಹಿನೀರಿನಲ್ಲಿ ಎರಡು ಸಲ ಜಾಲಾಡಿ ಗೊಬ್ಬರದ ಗುಂಡಿಗೆ ಹಾಕಬಹುದು. ತೂಕವನ್ನು ತಾರೀಖಿನ ಎದುರು ಬರೆಯಬೇಕು. ಮಾಲೀಕರು ಶನಿವಾರ ಬಂದಾಗ ಗಾಜಿನ ಮುಂದೆ ನಿಲ್ಲುವ ಮೊದಲು ನೋಡಬೇಕಾದದ್ದು ಆ ನೋಟ್‌ಬುಕ್ಕನ್ನು. ಮೂರು ವಾರ ತೂಕ 100 ಗ್ರಾಂ ದಾಟಿಲ್ಲವೆಂದರೆ ಚಮಚವನ್ನು ಅರ್ಧಕ್ಕೆ ಇಳಿಸುವುದೋ ದೀಪವನ್ನು ಬದಲಿಸುವುದೋ ಎಂದು ಕೇಳಬೇಕಾದದ್ದು ಅಂಗಡಿಯವರನ್ನಲ್ಲ, ಅದನ್ನು ಬರೆದವರನ್ನು.